ಮಾರುವಾಗ ಒಂದು ಭಾಷೆ, ದೂರು ಕೇಳುವಾಗ ಮತ್ತೊಂದು

ವ್ಯಾಪಾರಸ್ಥರು ಭಾಷೆಗೆ ಹೆದರಿದವರಲ್ಲ. ಕರ್ನಾಟಕದ ದನದ ಜಾತ್ರೆಗಳಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವ ಪದ್ಧತಿ ಇಂದಿಗೂ ಪೂರ್ತಿ ಅಳಿದಿಲ್ಲ. ಅಲ್ಲಿ ಕೊಳ್ಳುವವನ ಮಾತು ಮಾರುವವನಿಗೆ ಬಾರದಿದ್ದರೂ ವ್ಯವಹಾರ ಕುದುರುತ್ತದೆ. ಹುಬ್ಬಳ್ಳಿಯ ಪೇಟೆಯಲ್ಲಿ ಕನ್ನಡ, ಮರಾಠಿ, ಮಾರವಾಡಿ, ಉರ್ದುಗಳು ಒಂದೇ ಕಟ್ಟೆಯ ಮೇಲೆ ಕುಳಿತು ಲೆಕ್ಕ ಚುಕ್ತಾ ಮಾಡಿವೆ. ಎದುರಿಗಿರುವವನಿಗೂ ವ್ಯವಹಾರ ಬೇಕು ಎಂದಾಗ ಭಾಷೆ ತಾನಾಗಿಯೇ ದಾರಿ ಮಾಡಿಕೊಳ್ಳುತ್ತದೆ.

ಇಂದಿನ ತೊಡಕು ಬೇರೆ ಬಗೆಯದು. ವ್ಯಾಪಾರಿಯೇ ಗ್ರಾಹಕನಾಗಿ ಬ್ಯಾಂಕು, ಹಣಕಾಸು ಕಂಪನಿ, ವಿಮಾ ಸಂಸ್ಥೆ, ಯಂತ್ರ ತಯಾರಕರ ಸೇವಾ ಕೇಂದ್ರಗಳ ಮುಂದೆ ನಿಂತಾಗ ಈ ತೊಡಕು ಎದುರಾಗುತ್ತದೆ. ‘ಗ್ರಾಹಕನೇ ದೇವರು’ ಎಂಬ ಫಲಕ ಗೋಡೆಯ ಮೇಲಿರುತ್ತದೆ. ಆ ದೇವರ ಭಾಷೆ ಅರಿತವರು ಮಾತ್ರ ಕೌಂಟರಿನಲ್ಲಿರುವುದಿಲ್ಲ. ಇದನ್ನು ಕೇವಲ ಸೌಜನ್ಯದ ಅಥವಾ ಅಭಿಮಾನದ ಪ್ರಶ್ನೆಯೆಂದು ತಿಳಿದರೆ ಅದರ ಅರ್ಧ ಭಾಗವನ್ನಷ್ಟೇ ಕಂಡಂತೆ. ಉಳಿದರ್ಧ ಹಣದ ಪ್ರಶ್ನೆ.

ಮೂರು ಹಂತ, ಮೂರು ಭಾಷೆ

ಸೇವೆಯೊಂದನ್ನು ಕೊಳ್ಳುವ ಕ್ರಮವನ್ನು ಗಮನಿಸಿದರೆ ಒಂದು ವಿಚಿತ್ರ ಕಾಣುತ್ತದೆ. ಮಾರಾಟ ಪ್ರತಿನಿಧಿ ಅಂಗಡಿಗೆ ಬಂದಾಗ ಅಚ್ಚಕನ್ನಡದಲ್ಲಿ ಮಾತನಾಡುತ್ತಾನೆ. ಬೆಳಗಾವಿಗೆ ಬೆಳಗಾವಿಯ ಕನ್ನಡ, ಮಂಗಳೂರಿಗೆ ಮಂಗಳೂರಿನ ಕನ್ನಡ. ಸಹಿಗಾಗಿ ಮುಂದಿಡುವ ಕರಾರುಪತ್ರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಸಣ್ಣ ಅಕ್ಷರದ ನಲವತ್ತು ಪುಟಗಳಲ್ಲಿ ಇರುತ್ತದೆ. ಮುಂದೆ ತೊಂದರೆಯಾಗಿ ದೂರವಾಣಿ ಎತ್ತಿದರೆ, ಬೇರೊಂದು ರಾಜ್ಯದಲ್ಲಿ ಕುಳಿತವರೊಬ್ಬರು ಹಿಂದಿಯಲ್ಲಿ ಉತ್ತರಿಸುತ್ತಾರೆ. ಮಾರುವಾಗ ಗ್ರಾಹಕನ ಭಾಷೆ, ಬದ್ಧಗೊಳಿಸುವಾಗ ಕಂಪನಿಯ ಭಾಷೆ, ದೂರು ಕೇಳುವಾಗ ಇಬ್ಬರದೂ ಅಲ್ಲದ ಭಾಷೆ.

ಕನ್ನಡದಲ್ಲಿ ಸೇವೆ ಕೊಡುವುದು ಅಸಾಧ್ಯ ಎನ್ನುವ ವಾದಕ್ಕೆ ಪ್ರತಿಯೊಂದು ಕಿರಾಣಿ ಅಂಗಡಿಯ ಮೇಜಿನ ಮೇಲೂ ಉತ್ತರವಿದೆ. ಯುಪಿಐ ಹಣ ಜಮೆಯಾದೊಡನೆ ಮೊತ್ತವನ್ನು ಕನ್ನಡದಲ್ಲಿ ಕೂಗಿ ಹೇಳುವ ಪುಟ್ಟ ಪೆಟ್ಟಿಗೆಯದು. ಜಮೆಯಾದದ್ದನ್ನು ಕನ್ನಡದಲ್ಲಿ ಹೇಳಬಲ್ಲ ವ್ಯವಸ್ಥೆಗೆ, ಜಮೆಯಾಗದೆ ಹೋದದ್ದರ ಕಾರಣವನ್ನು ಕನ್ನಡದಲ್ಲಿ ಹೇಳುವುದು ತಾಂತ್ರಿಕವಾಗಿ ಕಷ್ಟವಲ್ಲ. ಲಾಭ ಕಂಡ ಕಡೆ ಕಂಪನಿಗಳು ಭಾಷೆಗೆ ವೆಚ್ಚ ಮಾಡಿವೆ. ಹೊಣೆ ಹೊರಬೇಕಾದ ಕಡೆ ಉಳಿತಾಯ ಮಾಡಿವೆ.

ಒಂದು ಅಂಕಿಯ ಬೆಲೆ

ಭಾಷೆಯ ಅಜ್ಞಾನಕ್ಕೆ ಎಷ್ಟು ದಂಡ ತೆರಬೇಕಾಗುತ್ತದೆ ಎಂಬುದಕ್ಕೆ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳದ ಪ್ರಕರಣವೊಂದು ಸಾಕ್ಷಿಯಾಗಿದೆ. ಧಾರವಾಡದ ಗ್ರಾಹಕರೊಬ್ಬರು 2020ರ ಸೆಪ್ಟೆಂಬರ್‌ನಲ್ಲಿ ವಿದ್ಯುತ್ ಬಿಲ್ಲಿಗಾಗಿ 6,000 ರೂಪಾಯಿಯ ಚೆಕ್ಕನ್ನು ಕನ್ನಡದಲ್ಲಿ ಬರೆದು ಕೊಟ್ಟರು. ಖಾತೆ ಇದ್ದದ್ದು ಸಾರ್ವಜನಿಕ ವಲಯದ ಬ್ಯಾಂಕೊಂದರ ಹಳಿಯಾಳ ಶಾಖೆಯಲ್ಲಿ. ತಿಂಗಳನ್ನು ಸೂಚಿಸುವ ಕನ್ನಡದ ‘೯’ ಅಂಕಿಯನ್ನು ಅಲ್ಲಿನವರು ‘೬’ ಎಂದು ಓದಿದರು. ಸೆಪ್ಟೆಂಬರ್ ಜೂನ್ ಆಯಿತು, ಚೆಕ್ ಅಮಾನ್ಯವಾಯಿತು. ಚೆಕ್ಕಿನ ಆಯುಷ್ಯ ಮೂರು ತಿಂಗಳು ಮಾತ್ರ ಆಗಿರುವುದರಿಂದ, ಒಂದು ಅಂಕಿಯನ್ನು ತಪ್ಪಾಗಿ ಓದಿದರೆ ಸರಿಯಾದ ಚೆಕ್ ಅವಧಿ ಮೀರಿದ ಚೆಕ್ ಆಗಿಬಿಡಬಹುದು. ಗ್ರಾಹಕರು ಧಾರವಾಡ ಜಿಲ್ಲಾ ಗ್ರಾಹಕರ ಆಯೋಗದ ಮೊರೆ ಹೋದರು. 2022ರಲ್ಲಿ ಆಯೋಗ ಬ್ಯಾಂಕಿಗೆ 85,177 ರೂಪಾಯಿ ತೆರುವಂತೆ ಆದೇಶಿಸಿತು.

ಚೆಕ್ಕನ್ನು ಕನ್ನಡದಲ್ಲಿ ಬರೆಯುವುದು ಗ್ರಾಹಕನ ಹಟವಲ್ಲ. ಚೆಕ್ ಹಾಳೆಯ ಮುದ್ರಣ ಹಿಂದಿ ಮತ್ತು ಇಂಗ್ಲಿಷಿನಲ್ಲಿದ್ದರೂ ಗ್ರಾಹಕರು ಅದನ್ನು ಹಿಂದಿ, ಇಂಗ್ಲಿಷ್ ಅಥವಾ ಆಯಾ ಪ್ರದೇಶದ ಭಾಷೆಯಲ್ಲಿ ಬರೆಯಬಹುದೆಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ. ಗ್ರಾಹಕ ಸೇವೆಯ ಕುರಿತು 2015ರ ಜುಲೈ 1ರಂದು ಹೊರಡಿಸಿದ ಮಾಸ್ಟರ್ ಸುತ್ತೋಲೆಯಲ್ಲಿ ಈ ಮಾತಿದೆ. ಕೌಂಟರಿನ ಫಲಕಗಳು, ಖಾತೆ ತೆರೆಯುವ ಅರ್ಜಿ, ಹಣ ಕಟ್ಟುವ ಚೀಟಿ, ಪಾಸ್‌ಬುಕ್ ಮೊದಲಾದವು ಇಂಗ್ಲಿಷ್, ಹಿಂದಿ ಹಾಗೂ ಪ್ರಾದೇಶಿಕ ಭಾಷೆ ಮೂರರಲ್ಲೂ ಇರಬೇಕೆಂಬ ಸೂಚನೆಯೂ ಅದರಲ್ಲೇ ಇದೆ. ಕೊರತೆ ಇರುವುದು ನಿಯಮದಲ್ಲಲ್ಲ, ನಿಯಮದ ಪಾಲನೆಯಲ್ಲಿ.

ಪರಿಸ್ಥಿತಿ ಹೀಗಾದುದು ಏಕೆ?

ಕರ್ನಾಟಕ ಬ್ಯಾಂಕುಗಳ ತವರೂರು. ಇಲ್ಲಿ ಹುಟ್ಟಿದ ಬ್ಯಾಂಕುಗಳ ಶಾಖೆಗಳಲ್ಲಿ ವ್ಯವಸ್ಥಾಪಕರು ಊರಿನ ವ್ಯಾಪಾರಿಗಳನ್ನು ಹೆಸರು ಹಿಡಿದು ಮಾತನಾಡಿಸುವಷ್ಟು ಬಳಕೆಯಿತ್ತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ, ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದವು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿಹೋದವು. ವಿಲೀನದ ಆರ್ಥಿಕ ಲಾಭ ನಷ್ಟಗಳ ಚರ್ಚೆ ಬೇರೆ. ಆದರೆ ಬ್ಯಾಂಕಿನ ವ್ಯಾಪ್ತಿ ದೊಡ್ಡದಾದಷ್ಟೂ ಅಧಿಕಾರಿಗಳ ವರ್ಗಾವಣೆಯ ವ್ಯಾಪ್ತಿಯೂ ದೊಡ್ಡದಾಗುತ್ತದೆ. ಕೌಂಟರಿನ ಭಾಷೆ ಬದಲಾಗುತ್ತದೆ.

ನೇಮಕಾತಿಯ ಕ್ರಮವೂ ಇದಕ್ಕೆ ಪುಷ್ಟಿ ಕೊಟ್ಟಿತು. ಸಾರ್ವಜನಿಕ ವಲಯದ ಬ್ಯಾಂಕುಗಳ ಗುಮಾಸ್ತರ ಹುದ್ದೆಗೆ ನಡೆಯುವ ಪರೀಕ್ಷೆ ಬಹುಕಾಲ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇತ್ತು. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ತೀರ್ಮಾನ 2019ರಲ್ಲಿ ಬಂತು. 12 ಸಾರ್ವಜನಿಕ ಬ್ಯಾಂಕುಗಳ ಗುಮಾಸ್ತ ಹುದ್ದೆಯ ಪೂರ್ವಭಾವಿ ಮತ್ತು ಮುಖ್ಯ ಪರೀಕ್ಷೆಗಳಿಗೂ ಅದೇ ಕ್ರಮವನ್ನು ಅನುಸರಿಸುವಂತೆ ಕೇಂದ್ರ ಹಣಕಾಸು ಸಚಿವಾಲಯ ಶಿಫಾರಸು ಮಾಡಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಇದರ ಫಲ ಕೌಂಟರಿನವರೆಗೆ ಬರಲು ಕಾಲ ಹಿಡಿಯುತ್ತದೆ.

ಹೀಗಿರುವಾಗ ಬೇರೆ ರಾಜ್ಯದಿಂದ ಬಂದು ಯಾದಗಿರಿಯಲ್ಲೋ ಕೊಪ್ಪಳದಲ್ಲೋ ಕೆಲಸಕ್ಕೆ ಸೇರಿದ ಯುವ ಅಧಿಕಾರಿಯನ್ನು ಶತ್ರುವೆಂದು ಭಾವಿಸುವುದು ನ್ಯಾಯವಲ್ಲ. ಆತನಿಗೆ ಭಾಷೆ ಕಲಿಸದೆ ಕಳುಹಿಸಿದ್ದು ಸಂಸ್ಥೆಯ ತಪ್ಪು. 2025ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಹೊರವಲಯದ ಚಂದಾಪುರದ ಬ್ಯಾಂಕ್ ಶಾಖೆಯೊಂದರಲ್ಲಿ ಕನ್ನಡ ಮಾತನಾಡುವುದಿಲ್ಲವೆಂದು ವ್ಯವಸ್ಥಾಪಕರು ಹೇಳಿದ ದೃಶ್ಯ ಎಲ್ಲೆಡೆ ಹರಿದಾಡಿತು, ಅವರ ವರ್ಗಾವಣೆಯೂ ಆಯಿತು. ಗ್ರಾಹಕರ ಸಿಟ್ಟಿಗೆ ಕಾರಣವಿತ್ತು. ಆದರೆ ಒಬ್ಬರ ವರ್ಗಾವಣೆಯಿಂದ ಮತ್ತೊಂದು ಶಾಖೆಯ ಅರ್ಜಿ ನಮೂನೆ ಕನ್ನಡಕ್ಕೆ ಬರುವುದಿಲ್ಲ. ಜಗಳದಿಂದ ದೊರೆಯುವುದು ದೃಶ್ಯ. ಬರಹದಿಂದ ದೊರೆಯುವುದು ಹಕ್ಕು.

ಸಾಲಪತ್ರದ ಭಾಷೆ

ಭಾಷೆಯ ಅಂತರ ಅತಿ ಹೆಚ್ಚು ನಷ್ಟ ತರುವುದು ಸಾಲದ ವ್ಯವಹಾರದಲ್ಲಿ. ಸಣ್ಣ ಉದ್ದಿಮೆದಾರರೊಬ್ಬರು ಯಂತ್ರ ಕೊಳ್ಳಲು 6 ಲಕ್ಷ ರೂಪಾಯಿ ಸಾಲ ಪಡೆಯುತ್ತಾರೆಂದು ಭಾವಿಸೋಣ. ಪ್ರತಿನಿಧಿ ಕನ್ನಡದಲ್ಲಿ ‘ಬಡ್ಡಿ ಶೇಕಡಾ 10, ಮೂರು ವರ್ಷ’ ಎನ್ನುತ್ತಾನೆ. ‘ಫ್ಲಾಟ್’ ಎಂಬ ಒಂದು ಪದ ಮಾತ್ರ ಇಂಗ್ಲಿಷ್ ಪತ್ರದಲ್ಲಿ ಉಳಿದುಬಿಡುತ್ತದೆ. ಫ್ಲಾಟ್ ದರದಲ್ಲಿ ಅಸಲು ತೀರುತ್ತ ಬಂದರೂ ಬಡ್ಡಿ ಮೊದಲಿನ ಪೂರ್ತಿ ಅಸಲಿನ ಮೇಲೆಯೇ ಬೀಳುತ್ತದೆ. ಮೂರು ವರ್ಷಕ್ಕೆ ಬಡ್ಡಿ 1,80,000 ರೂಪಾಯಿ. ಒಟ್ಟು 7,80,000 ರೂಪಾಯಿಯನ್ನು 36 ಕಂತುಗಳಿಗೆ ಹಂಚಿದರೆ ತಿಂಗಳ ಕಂತು ಸುಮಾರು 21,667 ರೂಪಾಯಿ. ಬಾಕಿ ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ಶೇಕಡಾ 17.9ರಷ್ಟು ಬಡ್ಡಿಗೆ ಸಮ. ಸಂಸ್ಕರಣಾ ಶುಲ್ಕವೆಂದು ಶೇಕಡಾ 2ರಂತೆ 12,000 ರೂಪಾಯಿಯನ್ನು ಮೊದಲೇ ಮುರಿದುಕೊಂಡರೆ ನಿಜವಾದ ದರ ಶೇಕಡಾ 19ನ್ನು ದಾಟುತ್ತದೆ. ಹತ್ತು ಎಂದು ಕೇಳಿಸಿಕೊಂಡದ್ದು ಹತ್ತೊಂಬತ್ತಾದುದಕ್ಕೆ ಅರ್ಥವಾಗದ ಒಂದು ಪದ ಸಾಕಾಯಿತು.

ಇದಕ್ಕೆ ಪರಿಹಾರವಾಗಿ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್ 15ರಂದು ಮಹತ್ವದ ಸುತ್ತೋಲೆಯೊಂದನ್ನು ಹೊರಡಿಸಿತು. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಎಲ್ಲ ಹೊಸ ಚಿಲ್ಲರೆ ಸಾಲಗಳಿಗೆ ಹಾಗೂ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅವಧಿ ಸಾಲಗಳಿಗೆ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಅಂದರೆ ಮುಖ್ಯಾಂಶ ಪತ್ರ ಕೊಡುವುದು ಕಡ್ಡಾಯವಾಯಿತು. ಅದರಲ್ಲಿ ನಾಲ್ಕು ಅಂಶಗಳು ಮುಖ್ಯವಾದವು.

1. ಪತ್ರವು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅದನ್ನು ವಿವರಿಸಿ ಹೇಳಿ, ಅರ್ಥವಾಯಿತೆಂದು ಸಾಲಗಾರನಿಂದ ಬರೆಸಿಕೊಳ್ಳಬೇಕು.
2. ಬಡ್ಡಿಯ ಜೊತೆಗೆ ಎಲ್ಲ ಶುಲ್ಕಗಳನ್ನೂ ಸೇರಿಸಿದ ಒಟ್ಟು ವಾರ್ಷಿಕ ದರವನ್ನು ತೋರಿಸಬೇಕು.
3. ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ಅವಧಿಯ ಸಾಲವಾದರೆ ಯೋಚಿಸಿ ಒಪ್ಪಲು ಕನಿಷ್ಠ ಮೂರು ಕೆಲಸದ ದಿನಗಳ ಕಾಲಾವಕಾಶವಿರಬೇಕು.
4. ಪತ್ರದಲ್ಲಿ ನಮೂದಿಸದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲು ಮಾಡುವಂತಿಲ್ಲ.

ಗಮನಿಸಬೇಕಾದ ಮಿತಿಯೂ ಒಂದಿದೆ. ಉದ್ದಿಮೆಗಳ ಮಟ್ಟಿಗೆ ಈ ನಿಯಮ ಅವಧಿ ಸಾಲಕ್ಕೆ ಅನ್ವಯಿಸುತ್ತದೆ. ದೈನಂದಿನ ವಹಿವಾಟಿಗೆ ಪಡೆಯುವ ಕ್ಯಾಶ್ ಕ್ರೆಡಿಟ್ ಖಾತೆಯನ್ನು ಅವಧಿ ಸಾಲವೆಂದು ಕರೆಯಲಾಗದು. ಅಂತಹ ಖಾತೆಗಳ ಷರತ್ತುಗಳನ್ನು ಗ್ರಾಹಕರೇ ಕೇಳಿ ಬರೆಸಿಕೊಳ್ಳಬೇಕು. ಮತ್ತೊಂದು ಎಚ್ಚರಿಕೆ: ‘ಅರ್ಥವಾಯಿತು’ ಎಂಬ ಸಾಲಿನ ಕೆಳಗೆ ಅರ್ಥವಾಗದೆ ಸಹಿ ಮಾಡಿದವರಿಗೆ ಈ ರಕ್ಷಣೆಯೇ ಎದುರಾಳಿಯಾಗುತ್ತದೆ. ಆ ಸಹಿ ಮುಂದೆ ಬ್ಯಾಂಕಿನ ಪರವಾದ ಸಾಕ್ಷಿ.

ವಿಮೆಯ ಕಾಗದ

ವಿಮೆಯಲ್ಲೂ ಇದೇ ಕಥೆ. ಪ್ರಸ್ತಾವ ಪತ್ರದ ಪ್ರಶ್ನೆಗಳು ಇಂಗ್ಲಿಷಿನಲ್ಲಿರುತ್ತವೆ, ಏಜೆಂಟ್ ತುಂಬುತ್ತಾನೆ, ಮಾಲೀಕರು ಕನ್ನಡದಲ್ಲಿ ಸಹಿ ಮಾಡುತ್ತಾರೆ. ಗೋದಾಮಿಗೆ ಬೆಂಕಿ ಬಿದ್ದ ಮೇಲೆ, ಪಕ್ಕದ ಕೋಣೆಯಲ್ಲಿ ರಾಸಾಯನಿಕ ಇಟ್ಟಿದ್ದನ್ನು ಏಕೆ ತಿಳಿಸಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಅರ್ಜಿಯನ್ನು ಬೇರೆಯವರು ತುಂಬಿದ್ದರೆ ಅಥವಾ ಅದರ ಭಾಷೆ ಗ್ರಾಹಕನಿಗೆ ತಿಳಿಯದಿದ್ದರೆ, ವಿಷಯವನ್ನು ಪೂರ್ತಿ ವಿವರಿಸಲಾಗಿದೆ ಎಂಬ ದೃಢೀಕರಣ ಅರ್ಜಿಯ ಕೊನೆಯಲ್ಲಿ ಇರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮಗಳು ಹೇಳುತ್ತ ಬಂದಿವೆ. ಬಹುಪಾಲು ಅರ್ಜಿಗಳಲ್ಲಿ ಆ ಜಾಗಕ್ಕೆ ಯಾರೋ ಸಹಿ ಹಾಕಿರುತ್ತಾರೆ. ವಿವರಿಸಿದವರು ಮಾತ್ರ ಯಾರೂ ಇರುವುದಿಲ್ಲ. ಆರೋಗ್ಯ ವಿಮೆಯ ಮಟ್ಟಿಗೆ 2024ರ ಜನವರಿ 1ರಿಂದ ಸರಳ ಮಾಹಿತಿ ಪತ್ರವೊಂದು ಜಾರಿಗೆ ಬಂದಿದ್ದು, ಪಾಲಿಸಿದಾರರು ಬಯಸಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕು. ‘ಬಯಸಿದರೆ’ ಎಂಬ ಪದ ಇಲ್ಲಿ ಮುಖ್ಯ. ಕೇಳದವರಿಗೆ ಇಂಗ್ಲಿಷೇ ಗತಿ.

ದೂರು ಎಲ್ಲಿಗೆ?

ಹಳಿಯಾಳದ ಪ್ರಕರಣವನ್ನು ಓದಿ ಎಲ್ಲ ವ್ಯಾಪಾರಿಗಳೂ ಗ್ರಾಹಕರ ಆಯೋಗದ ಬಾಗಿಲು ತಟ್ಟಬಹುದೆಂದು ಭಾವಿಸುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು ‘ಗ್ರಾಹಕ’ರ ವ್ಯಾಖ್ಯೆಗೆ ಒಳಪಡುವುದಿಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸುವವರಿಗೆ ಮಾತ್ರ ಸರಕುಗಳ ಖರೀದಿಯ ವಿಷಯದಲ್ಲಿ ಕಾಯಿದೆ ವಿನಾಯಿತಿ ಕೊಟ್ಟಿದೆ. ವ್ಯಾಪಾರ ವೃದ್ಧಿಗೆ ಪಡೆದ ಓವರ್‌ಡ್ರಾಫ್ಟ್ ಸೌಲಭ್ಯ ವಾಣಿಜ್ಯ ಉದ್ದೇಶದ್ದೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಶ್ರೀಕಾಂತ್ ಜಿ. ಮಂತ್ರಿ ಮೊಕದ್ದಮೆಯಲ್ಲಿ ತೀರ್ಮಾನಿಸಿದೆ. ವಿಮೆಯ ವಿಷಯದಲ್ಲಿ ಮಾತ್ರ ನಿಲುವು ಭಿನ್ನ: ವಿಮೆ ನಷ್ಟ ಭರ್ತಿಗಾಗಿ ಇರುವುದೇ ಹೊರತು ಲಾಭ ಗಳಿಕೆಗಾಗಿ ಅಲ್ಲವೆಂದು 2023ರಲ್ಲಿ ಹರ್ಸೋಲಿಯಾ ಮೋಟಾರ್ಸ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಹೇಳಿತು. ಆದ್ದರಿಂದ ವ್ಯಾಪಾರ ಸಂಸ್ಥೆಯೂ ವಿಮಾ ಕಂಪನಿಯ ವಿರುದ್ಧ ಗ್ರಾಹಕರ ಆಯೋಗಕ್ಕೆ ಹೋಗಬಹುದು. ದೂರನ್ನು ಕಂಪನಿಯ ಕೇಂದ್ರ ಕಚೇರಿ ಇರುವ ಮುಂಬಯಿಗೆ ಒಯ್ಯಬೇಕಿಲ್ಲ. ದೂರುದಾರರು ವಾಸಿಸುವ ಅಥವಾ ದುಡಿಯುವ ಊರಿನ ವ್ಯಾಪ್ತಿಯಲ್ಲೇ ಸಲ್ಲಿಸಬಹುದು.

ಬ್ಯಾಂಕಿನ ಸೇವೆಯ ಕುರಿತ ದೂರಿಗೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ವ್ಯವಸ್ಥೆಯೇ ಹೆಚ್ಚು ಅನುಕೂಲ. ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಲ್ಲದಿದ್ದರೆ ತಡಮಾಡದೆ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. 2021ರ ನವೆಂಬರ್ 12ರಂದು ಜಾರಿಗೆ ಬಂದ ಏಕೀಕೃತ ಯೋಜನೆಯಡಿ ಅಂಚೆ ಮತ್ತು ಇ-ಮೇಲ್ ಮೂಲಕ ಬರುವ ದೂರುಗಳನ್ನು ಯಾವುದೇ ಭಾಷೆಯಲ್ಲಿದ್ದರೂ ಸ್ವೀಕರಿಸಲು ಚಂಡೀಗಢದಲ್ಲಿ ಕೇಂದ್ರವೊಂದನ್ನು ತೆರೆಯಲಾಯಿತು. ಎಂದರೆ ದೂರನ್ನು ಶುದ್ಧ ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ. ರಿಸರ್ವ್ ಬ್ಯಾಂಕಿನ 14448 ಸಂಖ್ಯೆಯಲ್ಲಿ ಹಾಗೂ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲಿ ಮಾಹಿತಿ ಕೇಳಬಹುದು.

ಆನ್‌ಲೈನ್ ವಂಚನೆಯಾದಾಗ ಮಾತ್ರ ಭಾಷೆಗಾಗಿ ಕಾಯುತ್ತ ಕೂರುವಂತಿಲ್ಲ. ಬ್ಯಾಂಕಿನದಾಗಲಿ ಗ್ರಾಹಕನದಾಗಲಿ ತಪ್ಪಿಲ್ಲದೆ ಹೊರಗಿನವರಿಂದ ವಂಚನೆ ನಡೆದಿದ್ದು, ಗ್ರಾಹಕನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಆತನ ಮೇಲೆ ಹೊಣೆಯಿಲ್ಲ ಎಂಬ ನಿಯಮವನ್ನು ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ತಂದಿತು. ದಿನ ಕಳೆದಂತೆ ಹೊಣೆ ಗ್ರಾಹಕನ ಕಡೆಗೆ ವಾಲುವುದು ಈ ನಿಯಮದ ತಿರುಳು. ಇಂಗ್ಲಿಷಿನಲ್ಲಿ ಬಂದ ಎಸ್‌ಎಂಎಸ್ ಓದಿಸಲು ಸಂಜೆ ಮಗ ಬರಲಿ ಎಂದು ಕಾದರೆ, ದೂರವಾಣಿಯ ಹಿಂದಿ ಅರ್ಥವಾಗದೆ ಕೆಳಗಿಟ್ಟರೆ, ನಷ್ಟದ ಗಡಿಯಾರ ನಿಲ್ಲುವುದಿಲ್ಲ. ಮೊದಲು 1930ಕ್ಕೆ ಕರೆ, ಕೂಡಲೇ ಶಾಖೆಗೆ ಲಿಖಿತ ಸೂಚನೆ, ಅದಕ್ಕೆ ದಿನಾಂಕ ಸಹಿತ ಸ್ವೀಕೃತಿ. ಭಾಷೆಯ ವಾದ ಆಮೇಲೆ.

ಅಂಗಡಿಯ ಈಚೆ ಬದಿ

ಕೌಂಟರಿನ ಆಚೆ ನಿಂತು ದೂರುವ ವ್ಯಾಪಾರಿ, ಈಚೆ ಬದಿಗೆ ಬಂದಾಗ ಅದೇ ಅಳತೆಗೋಲನ್ನು ತನಗೂ ಹಿಡಿಯಬೇಕಾಗುತ್ತದೆ. ಬಳ್ಳಾರಿಯ ಜೀನ್ಸ್, ಬೆಳಗಾವಿಯ ಎರಕದ ಬಿಡಿಭಾಗ, ಇಳಕಲ್ಲಿನ ಸೀರೆ ರಾಜ್ಯದ ಗಡಿಯೊಳಗೆ ಉಳಿಯುವ ಸರಕುಗಳಲ್ಲ. ಕೊಳ್ಳುವವರು ತೆಲುಗು, ಮರಾಠಿ, ತಮಿಳು, ಹಿಂದಿಯವರು. ದೂರವಾಣಿಯಲ್ಲಿ ಬಂದ ಹಿಂದಿಯ ‘ಪಚ್ಚೀಸ್’ ಇಪ್ಪತ್ತೈದು, ‘ಪಚಾಸ್’ ಐವತ್ತು. ಅರೆಬರೆ ಕೇಳಿಸಿದರೆ ಸರಕು ಇಮ್ಮಡಿಯಾಗಿ ಹೋಗಿ, ಬಾಡಿಗೆ ತೆತ್ತು ಮರಳಿ ಬರುತ್ತದೆ. ‘ಕಲ್’ ಎಂದರೆ ಹಿಂದಿಯಲ್ಲಿ ನಿನ್ನೆಯೂ ಹೌದು, ನಾಳೆಯೂ ಹೌದು. ಮಾತು ಯಾವ ಭಾಷೆಯಲ್ಲೇ ಆಗಲಿ, ಪ್ರಮಾಣ, ದರ, ದಿನಾಂಕ ಮೂರನ್ನು ಅಂಕಿಗಳಲ್ಲಿ ಬರೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ ಒಪ್ಪಿಗೆ ಪಡೆಯುವ ರೂಢಿಯೊಂದೇ ಇಂತಹ ಅನೇಕ ತಕರಾರುಗಳನ್ನು ತಪ್ಪಿಸುತ್ತದೆ.

ಊರೊಳಗಿನ ಕನ್ನಡ ಗ್ರಾಹಕನಿಗೆ ಇಂಗ್ಲಿಷ್ ವಾರಂಟಿ ಚೀಟಿ, ಇಂಗ್ಲಿಷ್ ಬಳಕೆ ಸೂಚನೆ ಕೊಡುವ ಕಾರ್ಖಾನೆಗಳೂ ಕಡಿಮೆಯಿಲ್ಲ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಯನ್ವಯ, ರಾಜ್ಯದಲ್ಲಿ ತಯಾರಾಗುವ ಸರಕುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆಗಳನ್ನು ಇತರ ಭಾಷೆಗಳ ಜೊತೆ ಕನ್ನಡದಲ್ಲೂ ಮುದ್ರಿಸುವಂತೆ ರಾಜ್ಯ ಸರ್ಕಾರ 2025ರ ಆರಂಭದಲ್ಲಿ ಆದೇಶಿಸಿತು. ಇದನ್ನು ಮತ್ತೊಂದು ಸರ್ಕಾರಿ ಹೊರೆಯೆಂದು ಗೊಣಗುವ ಮೊದಲು, ಸೂಚನೆ ಓದಲಾರದೆ ಪಂಪ್ ಸುಟ್ಟುಕೊಂಡ ರೈತನ ದುರಸ್ತಿ ಬೇಡಿಕೆಗೆ ಆಗುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯುವುದು ಒಳಿತು.

ಸದಸ್ಯರು ಅನುಸರಿಸಬಹುದಾದ ಕ್ರಮಗಳು

1. ಸಾಲದ ಮುಖ್ಯಾಂಶ ಪತ್ರವನ್ನು ಕನ್ನಡದಲ್ಲಿ ಕೊಡುವಂತೆ ಸಹಿಗೆ ಮೊದಲೇ ಲಿಖಿತವಾಗಿ ಕೇಳುವುದು. ಮೂರು ಕೆಲಸದ ದಿನಗಳ ಕಾಲಾವಕಾಶವನ್ನು ಬಿಟ್ಟುಕೊಡದಿರುವುದು.
2. ಬಡ್ಡಿ ಎಷ್ಟು ಎಂಬುದಕ್ಕಿಂತ ಒಟ್ಟು ವಾರ್ಷಿಕ ದರ ಎಷ್ಟು ಎಂದು ಕೇಳುವುದು.
3. ಖಾಲಿ ಬಿಟ್ಟ ಅರ್ಜಿಗೆ, ‘ವಿವರಿಸಲಾಗಿದೆ’ ಎಂಬ ತುಂಬದ ದೃಢೀಕರಣಕ್ಕೆ ಸಹಿ ಮಾಡದಿರುವುದು.
4. ಚೆಕ್ಕನ್ನು ಕನ್ನಡದಲ್ಲಿ ಬರೆಯುವವರು ‘೬’ ಮತ್ತು ‘೯’ ಅಂಕಿಗಳನ್ನು ಸ್ಪಷ್ಟವಾಗಿ ಬಿಡಿಸುವುದು. ತಪ್ಪು ಓದಿ ಮರಳಿಸಿದರೆ ಕಾರಣವನ್ನು ಬರಹದಲ್ಲಿ ಪಡೆಯುವುದು.
5. ಸಹಾಯವಾಣಿಗೆ ಮಾಡಿದ ಪ್ರತಿ ಕರೆಯ ದಿನಾಂಕ, ಸಮಯ, ದೂರಿನ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು.
6. ಶಾಖೆಯಲ್ಲಿ ಕನ್ನಡದ ಅರ್ಜಿ ಇಲ್ಲದಿದ್ದರೆ ಸಿಬ್ಬಂದಿಯೊಡನೆ ವಾದಿಸದೆ, ದೂರು ಪುಸ್ತಕ ಕೇಳಿ ಅದರಲ್ಲಿ ದಾಖಲಿಸುವುದು.

ಒಬ್ಬೊಬ್ಬರೇ ಬರೆದ ದೂರಿಗಿಂತ ಒಟ್ಟುಗೂಡಿದ ದೂರಿಗೆ ತೂಕ ಹೆಚ್ಚು. ಜಿಲ್ಲಾ ಮಟ್ಟದಲ್ಲಿ ಬ್ಯಾಂಕುಗಳ ಸಮನ್ವಯ ಸಭೆಗಳು ಲೀಡ್ ಬ್ಯಾಂಕಿನ ವ್ಯವಸ್ಥೆಯಲ್ಲಿ ನಡೆಯುತ್ತಲೇ ಇರುತ್ತವೆ. ವಾಣಿಜ್ಯ ಸಂಸ್ಥೆಗಳು ಸದಸ್ಯರ ಇಂತಹ ದೂರುಗಳನ್ನು ಶಾಖಾವಾರು ಪಟ್ಟಿ ಮಾಡಿ, ಯಾವ ಅರ್ಜಿ ಯಾವ ಭಾಷೆಯಲ್ಲಿ ಲಭ್ಯವಿಲ್ಲ ಎಂಬುದನ್ನು ಆ ಅಧಿಕಾರಿಗಳ ಮುಂದಿಟ್ಟರೆ, ಅದಕ್ಕೆ ಉತ್ತರ ಕೊಡುವುದು ಅವರಿಗೆ ಅನಿವಾರ್ಯವಾಗುತ್ತದೆ. ಕೇಳುವ ಹಕ್ಕು ಕಾಗದದ ಮೇಲೆ ಬಂದಾಗಿದೆ. ಕೇಳುವ ಕೆಲಸವಷ್ಟೇ ಉಳಿದಿದೆ.